ದಂಡಿಗೆ ಮತ್ತು ಸೋರೆ: ಗುತ್ತವೊಳಲ ಕಾಲದ ವೀಣೆಯ ರಚನೆಯನ್ನು ಕುರಿತು ಒಂದು ವಿಚಾರ

ತನ್ನ ದೇಹವನ್ನೇ ವಾದ್ಯವಾಗಿ ಮಾಡಿಕೊಳ್ಳೆಂದು ದೇವರಲ್ಲಿ ಬೇಡುವ ಬಸವಣ್ಣನವರ ವಚನವನ್ನು ಅರಿಯದ ಕನ್ನಡಿಗರು ವಿರಳ. ಅದರಲ್ಲಿ ಕಾಯವು ದಂಡಿಗೆಯಾಗುತ್ತದೆ, ಶಿರಸ್ಸು ಸೋರೆಯಾಗುತ್ತದೆ, ನರವು ತಂತಿಯಾಗುತ್ತದೆ, ಬೆರಳು ಕಡ್ಡಿಯಾಗುತ್ತದೆ. ಕೊನೆಗೆ ಈ ವಾದ್ಯವನ್ನು ಎದೆಗೆ ಒತ್ತಿ ಬಾರಿಸಬೇಕೆಂಬ ಪ್ರಾರ್ಥನೆ ಬರುತ್ತದೆ. ಶಾಲೆ ಕಾಲೇಜುಗಳಲ್ಲಿ ಇದನ್ನು ಪಾಠ ಹೇಳುವಾಗ ಬಹುಮಂದಿ ಉಪಾಧ್ಯಾಯರು ಸರಸ್ವತಿಯ ಪಟದಲ್ಲಿ ಕಾಣುವ ಇಂದಿನ ವೀಣೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಹಾಗೆ ಇಟ್ಟುಕೊಂಡರೆ ಉಪಮಾನವು ಒಂದು ಕಡೆ ಕುಂಟುತ್ತದೆ. ಇಂದಿನ ವೀಣೆಯಲ್ಲಿ ನಾದವನ್ನು ತುಂಬಿಕೊಳ್ಳುವ ಕೊಡವು ವಾದಕನ ಬಲಮಗ್ಗುಲಲ್ಲಿ, ನೆಲದ ಮೇಲೆ ಇರುತ್ತದೆ. ದಂಡಿಯನ್ನು ಕಾಯವೆಂದರೆ ಆ ಕೊಡವು ಹೊಟ್ಟೆಯೋ ಸೊಂಟವೋ ಆಗಬೇಕಲ್ಲದೆ ತಲೆಯಾಗಲಾರದು. ಅದನ್ನು ಎದೆಗೆ ಒತ್ತಿ ಬಾರಿಸುವುದಂತೂ ಆಗದ ಮಾತು. ಮಾತಿನ ತೂಕವನ್ನು ಬಲ್ಲ ವಚನಕಾರರು ಇಷ್ಟು ಸಡಿಲವಾದ ಹೋಲಿಕೆಯನ್ನು ಕಟ್ಟಿದರೆಂದು ನಂಬುವುದಕ್ಕಿಂತ, ಅವರ ಕಣ್ಣಮುಂದಿದ್ದ ವಾದ್ಯವೇ ಬೇರೆ ಎಂದು ಶಂಕಿಸುವುದು ಹೆಚ್ಚು ಯುಕ್ತವೆಂದು ತೋರುತ್ತದೆ. ಆ ವಾದ್ಯ ಯಾವುದು, ಅದರ ಕತ್ತನ್ನೂ ಪೊಟರೆಯನ್ನೂ ಹೇಗೆ ಅಳೆದು ಹೇಗೆ ಕೂಡಿಸುತ್ತಿದ್ದರು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಹಳೆಯ ಹೋಲಿಕೆಯನ್ನು ಪಕ್ಕದಲ್ಲಿಟ್ಟು ನೋಡೋಣ. ಐತರೇಯ ಆರಣ್ಯಕದಲ್ಲಿ ಮನುಷ್ಯ ಶರೀರವನ್ನು ದೈವೀ ವೀಣೆಯೆಂದೂ, ಮರದ ವೀಣೆಯು ಅದರ ಅನುಕರಣವೆಂದೂ ಹೇಳಿದೆ. ಅಲ್ಲಿ ವೀಣೆಯ ತಲೆಗೆ ತಲೆ ಸಮಾನ, ಪೊಟರೆಗೆ ಉದರ ಸಮಾನ, ತಂತಿಗಳಿಗೆ ಬೆರಳುಗಳು ಸಮಾನ. ವೇದಕಾಲದ ವೀಣೆಯು ಬಿಲ್ಲಿನಂತೆ ಬಾಗಿದ, ಕೆಳಗೆ ದೋಣಿಯಂತೆ ತೋಡಿದ ವಾದ್ಯವಾಗಿತ್ತೆಂಬುದನ್ನು ಬಲ್ಲವರಿಗೆ ಇದು ಎಷ್ಟು ಸರಿಯಾದ ಹೋಲಿಕೆಯೆಂಬುದು ಕೂಡಲೆ ತಿಳಿಯುತ್ತದೆ. ಆ ವಾದ್ಯದಲ್ಲಿ ಪೊಟರೆಯು ಹೊಟ್ಟೆಯ ಕಡೆಗೇ ಇತ್ತು. ತಂತಿಗಳು ಬೆರಳುಗಳಂತೆ ಸಾಲಾಗಿ ಹಲವು ಇದ್ದುವು. ಹನ್ನೆರಡನೆಯ ಶತಮಾನದ ಕನ್ನಡ ವಚನದಲ್ಲಿ ಪೊಟರೆ ಉದರವನ್ನು ಬಿಟ್ಟು ಶಿರಸ್ಸಿಗೆ ಏರಿದೆ. ಬೆರಳು ತಂತಿಯ ಸ್ಥಾನವನ್ನು ಬಿಟ್ಟು ಕಡ್ಡಿಯಾಗಿದೆ. ಎರಡು ಹೋಲಿಕೆಗಳಿಗೂ ನಡುವೆ ಬದಲಾದದ್ದು ಮನುಷ್ಯ ಶರೀರವಲ್ಲ, ವಾದ್ಯ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ರಾವಣನು ತನ್ನ ತಲೆಯನ್ನೂ ತೋಳನ್ನೂ ನರಗಳನ್ನೂ ಕೂಡಿಸಿ ವೀಣೆ ಮಾಡಿ ಶಿವನನ್ನು ಒಲಿಸಿದನೆಂಬ ಕಥೆ ಶಿವಭಕ್ತರಲ್ಲಿ ಪ್ರಚುರವಾಗಿದೆ. ವಚನದ ಕಲ್ಪನೆ ಅದರಿಂದಲೇ ಬಂದಿರಬಹುದು, ವಾದ್ಯದ ಸಾಕ್ಷ್ಯವನ್ನು ಅದರಲ್ಲಿ ಹುಡುಕುವುದು ಸಲ್ಲದು ಎಂದು ಹೇಳಬಹುದು. ಕಥೆಯ ಪ್ರಭಾವವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ರಾವಣನ ಕಥೆಯಲ್ಲಿ ದಂಡಿಗೆಯಾಗುವುದು ಕಡಿದು ತೆಗೆದ ತೋಳು. ವಚನದಲ್ಲಿ ದಂಡಿಗೆಯಾಗುವುದು ನಿಂತ ಇಡೀ ಶರೀರ. ಶಿರಸ್ಸು ಇರುವ ಸ್ಥಳದಲ್ಲಿಯೇ ಇದ್ದು ಸೋರೆಯಾಗುತ್ತದೆ. ಉದ್ದನೆಯ ದಂಡ, ಅದರ ಮೇಲ್ತುದಿಗೆ ಸಮೀಪದಲ್ಲಿ ಒಂದು ಸೋರೆಬುರುಡೆ: ಈ ಚಿತ್ರವು ಕಥೆಯಿಂದ ಬಂದುದಲ್ಲ, ಕಂಡ ವಾದ್ಯದಿಂದ ಬಂದುದು. ಮೇಲಾಗಿ ಆ ಕಥೆಯೂ ತಲೆಯನ್ನೇ ಬುರುಡೆಯನ್ನಾಗಿ ಮಾಡುವುದರಿಂದ ಅದು ಹುಟ್ಟಿದ ಕಾಲದ ವಾದ್ಯವೂ ಇದೇ ಜಾತಿಯದಾಗಿರಬೇಕು.

ಈಗ ಗುತ್ತಲದ ಕಡೆಗೆ ಬರೋಣ. ಹಾವೇರಿ ತಾಲ್ಲೂಕಿನ ಈ ಊರು ಶಾಸನಗಳಲ್ಲಿ ಗುತ್ತವೊಳಲ್ ಎಂದು ಪ್ರಸಿದ್ಧವಾಗಿದೆ. ಇಲ್ಲಿಂದ ಆಳಿದ ಗುತ್ತರು ತಾವು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡು ಉಜ್ಜಯಿನೀಪುರವರಾಧೀಶ್ವರರೆಂಬ ಬಿರುದನ್ನು ಧರಿಸಿದ್ದರು. ಫ್ಲೀಟ್ ಮಹಾಶಯರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ೧೮೮೨ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೊದಲ್ಗೊಂಡು ಇವರ ಚರಿತ್ರೆಯನ್ನು ವಿದ್ವಾಂಸರು ಚರ್ಚಿಸುತ್ತ ಬಂದಿದ್ದಾರೆ. ವಂಶದ ಹೆಮ್ಮೆಯ ಮಾತು ಹೇಗೇ ಇರಲಿ, ನಮ್ಮ ಪ್ರಯೋಜನಕ್ಕೆ ಮುಖ್ಯವಾದುದು ಅವರ ಕಾಲ ಮತ್ತು ಅವರ ಒಡೆಯರು. ಗುತ್ತರು ಮೊದಲು ಕಲ್ಯಾಣದ ಚಾಲುಕ್ಯರಿಗೂ, ಬಳಿಕ ಕಳಚುರಿಗಳಿಗೂ, ಆ ಮೇಲೆ ದೇವಗಿರಿಯ ಸೇವುಣರಿಗೂ ಸಾಮಂತರಾಗಿದ್ದರು. ಎಂದರೆ, ಬಸವಣ್ಣನವರು ಕಾರ್ಯಮಾಡಿದ ಕಳಚುರಿ ಬಿಜ್ಜಳನ ರಾಜ್ಯಕ್ಕೂ, ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನಿಗೆ ಆಶ್ರಯವಿತ್ತ ಸಿಂಘಣನ ರಾಜ್ಯಕ್ಕೂ ಈ ನಾಡು ಒಂದರ ಹಿಂದೆ ಒಂದರಂತೆ ಸೇರಿತ್ತು. ಸಿಂಘಣನ ಆಳಿಕೆ ಸುಮಾರು ೧೨೧೦ರಿಂದ ೧೨೪೭ರವರೆಗೆ. ವಚನಕ್ಕೂ ಲಕ್ಷಣಗ್ರಂಥಕ್ಕೂ ನಡುವೆ ಒಂದು ನೂರು ವರ್ಷವೂ ಇಲ್ಲ. ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ಮುಕ್ತೇಶ್ವರ ದೇವಾಲಯವೂ ಗುತ್ತರ ಶಾಸನಗಳೂ ಇಂದಿಗೂ ನಿಂತಿವೆ. ೧೨೨೫ರಲ್ಲಿ ಅಲ್ಲಿಗೆ ಬಂದ ಶಿವದೇವನೆಂಬ ತಪಸ್ವಿಯ ಮಹಿಮೆಯನ್ನು ಅವು ಹೊಗಳುತ್ತವೆ. ದೇವಗಿರಿಯ ಲಾಕ್ಷಣಿಕನು ತನ್ನ ವಾದ್ಯಾಧ್ಯಾಯವನ್ನು ಬರೆದದ್ದೂ, ಶಿವದೇವನು ಮುಕ್ತಿಕ್ಷೇತ್ರದಲ್ಲಿದ್ದದ್ದೂ ಹೆಚ್ಚು ಕಡಮೆ ಒಂದೇ ಕಾಲ. ಆದುದರಿಂದ ಈ ಸೀಮೆಯ ವಚನಗಳ ವಾದ್ಯಪದಗಳಿಗೆ ಅರ್ಥ ಹೇಳಲು ಶಾರ್ಙ್ಗದೇವನನ್ನು ಸಾಕ್ಷಿಗೆ ಕರೆಯುವುದು ನ್ಯಾಯವಾದುದೇ.

ಅವನು ಎಲ್ಲಕ್ಕೂ ಮೊದಲು ಹೇಳುವ ವೀಣೆ ಏಕತಂತ್ರಿ. ಅದರ ದಂಡವು ಖದಿರದ, ಎಂದರೆ ಕಗ್ಗಲಿಯ ಮರದ್ದು. ಗಂಟು, ಬಿರುಕು ಇಲ್ಲದ್ದು. ಉದ್ದ ೩ ಹಸ್ತ. ಸುತ್ತಳತೆ ೧ ವಿತಸ್ತಿ, ಎಂದರೆ ೧೨ ಅಂಗುಲ. ಒಳಗೆ ಉದ್ದಕ್ಕೂ ಒಂದೂವರೆ ಅಂಗುಲದ ರಂಧ್ರ. ಕೆಳತುದಿಯಲ್ಲಿ ಕಕುಭವೆಂಬ ಮರದ ತುಂಡು, ಅದರ ಮೇಲೆ ಲೋಹದ ಪತ್ರಿಕೆ. ತಂತಿ ಆ ಪತ್ರಿಕೆಯನ್ನು ಮುಟ್ಟಿ ಹೋಗುವ ಕಡೆ ನಾದಕ್ಕೆ ಝೇಂಕಾರ ಬರುವಂತೆ ಸೇರಿಸುವ ಜೀವ. ಇಂದು ತಂಬೂರಿಯ ತಂತಿಗೆ ಎಳೆ ಸೇರಿಸಿ ಜೀವಾಳವನ್ನು ಹೊಂದಿಸುವವರು ಆ ಹಳೆಯ ಮಾತನ್ನೇ ಆಡುತ್ತಿದ್ದಾರೆ. ಸೋರೆಯ ತುಂಬದ ಸುತ್ತಳತೆ ೬೦ ಅಂಗುಲ, ಬಾಯಿಯ ಅಗಲ ೧೨ ಅಂಗುಲ. ಅದನ್ನು ದಂಡದ ಮೇಲ್ತುದಿಯಿಂದ ೧೭ ಅಂಗುಲ ಕೆಳಗೆ, ನಡುವೆ ತೆಂಗಿನ ಚಿಪ್ಪನ್ನಿಟ್ಟು, ಹುರಿಯಿಂದ ಬಿಗಿಯಬೇಕು.

ಈ ಅಂಗುಲವು ಹೆಬ್ಬೆರಳ ಗೆಣ್ಣಿನ ಅಳತೆಯೋ ಶಿಲ್ಪಿಗಳ ಅಂಗುಲವೋ ಎಂಬುದರ ಮೇಲೆ ವಾದ್ಯದ ನಿಜವಾದ ಗಾತ್ರ ಹೆಚ್ಚು ಕಡಮೆಯಾಗುತ್ತದೆ. ಆದರೆ ಪ್ರಮಾಣಗಳು ಬದಲಾಗುವುದಿಲ್ಲ, ಮತ್ತು ವಿಷಯವಿರುವುದು ಪ್ರಮಾಣಗಳಲ್ಲಿಯೇ. ದಂಡದ ಉದ್ದ ಅದರ ಸುತ್ತಳತೆಯ ಆರರಷ್ಟು. ಸೋರೆಯ ಸುತ್ತಳತೆ ದಂಡದ ಸುತ್ತಳತೆಯ ಐದರಷ್ಟು. ಸುತ್ತಳತೆಯಿಂದ ಲೆಕ್ಕ ಹಾಕಿದರೆ ದಂಡದ ವ್ಯಾಸ ೩.೮ ಅಂಗುಲ, ಅದರಲ್ಲಿ ರಂಧ್ರ ಒಂದೂವರೆ ಅಂಗುಲ ಹೋದರೆ ಸುತ್ತಲೂ ಉಳಿಯುವ ಮರದ ದಪ್ಪ ಒಂದು ಅಂಗುಲಕ್ಕೂ ಸ್ವಲ್ಪ ಹೆಚ್ಚು. ಕಗ್ಗಲಿಯಂಥ ಕಠಿಣವಾದ ಮರದಲ್ಲಿ ಇಷ್ಟು ದಪ್ಪ ಬಿಟ್ಟಿರುವುದನ್ನು ನೋಡಿದರೆ, ಲಾಕ್ಷಣಿಕನು ದಂಡವನ್ನು ನಾದದ ಪೊಟರೆಯನ್ನಾಗಿ ಅಲ್ಲ, ಬಾಗದ ಬೆನ್ನೆಲುಬನ್ನಾಗಿ ಎಣಿಸಿದ್ದನೆಂಬುದರಲ್ಲಿ ಸಂಶಯವಿಲ್ಲ. ರಂಧ್ರವು ತೂಕವನ್ನು ಇಳಿಸುವುದಕ್ಕೆ, ನಾದಕ್ಕೆ ಸೋರೆ. ಸೋರೆಯ ವ್ಯಾಸ ಸುಮಾರು ೧೯ ಅಂಗುಲ, ಬಾಯಿ ೧೨ ಅಂಗುಲ. ಹೊಟ್ಟೆಯ ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಮೆ ಅಗಲವಾಗಿ ಬಾಯಿ ತೆರೆದಿರುತ್ತದೆ. ಈ ತೆರೆದ ಬಾಯಿಯ ಕಾರ್ಯವೇನೆಂಬುದು ಮುಂದೆ ತಿಳಿಯುತ್ತದೆ.

ಕಟ್ಟುವ ಸ್ಥಳವೂ ಗಮನಾರ್ಹ. ೭೨ ಅಂಗುಲದಲ್ಲಿ ೧೭ ಅಂಗುಲವೆಂದರೆ ನಾಲ್ಕನೆಯ ಒಂದು ಪಾಲಿಗಿಂತ ಸ್ವಲ್ಪ ಕಡಮೆ. ಎರಡು ತುದಿಯೂ ಬಿಡುವಾಗಿರುವ ಒಂದು ಸಮನಾದ ಕೋಲು ಕಂಪಿಸುವಾಗ, ತುದಿಯಿಂದ ಉದ್ದದ ನೂರಕ್ಕೆ ಇಪ್ಪತ್ತೆರಡೂವರೆ ಪಾಲಿನ ಆಸುಪಾಸಿನಲ್ಲಿ ಅಲುಗಾಟವಿಲ್ಲದ ಒಂದು ಬಿಂದು ಇರುತ್ತದೆಂದು ಭೌತಶಾಸ್ತ್ರಜ್ಞರು ಹೇಳುತ್ತಾರೆ. ಶಾರ್ಙ್ಗದೇವನ ಗಂಟು ಅದಕ್ಕೆ ಬಹಳ ಸಮೀಪದಲ್ಲಿದೆ. ಕಕುಭದ ಭಾರವಿರುವ ದಂಡವನ್ನು ಸಮನಾದ ಕೋಲೆನ್ನಲಾಗದು. ಆದಕಾರಣ ಈ ಹೊಂದಿಕೆಯ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಬೇಡ. ಆದರೂ ಕೈಕೆಲಸದವರು ತಲೆಮಾರುಗಳ ಅನುಭವದಿಂದ ಹಿಡಿದ ಅಳತೆಯನ್ನೇ ಶಾಸ್ತ್ರಕಾರನು ಶ್ಲೋಕದಲ್ಲಿ ಕೂರಿಸಿದನೆಂದು ನಂಬಲು ಇದೊಂದು ಕಾರಣ.

ಈ ವೀಣೆಯನ್ನು ಹಿಡಿಯುವ ಕ್ರಮದಲ್ಲಿ ಕಕುಭವು ಕಾಲಿನ ಕಡೆಗಿದ್ದು ಸೋರೆಯು ಎಡಹೆಗಲಿನ ಮೇಲೆ ಬರುತ್ತದೆ. ಎಂದರೆ, ವಾದಕನ ತಲೆಯ ಪಕ್ಕದಲ್ಲಿ ವಾದ್ಯದ ತಲೆ. ಶಿರಸ್ಸು ಸೋರೆಯಾಗಲಿ ಎಂಬ ಬೇಡಿಕೆಗೆ ಇದಕ್ಕಿಂತ ನೇರವಾದ ವ್ಯಾಖ್ಯಾನ ಬೇಕೆ? ಎಡಗೈಯಲ್ಲಿ ಕಮ್ರಿಕೆಯೆಂಬ ೧೨ ಅಂಗುಲದ ಬಿದಿರ ಕಡ್ಡಿಯನ್ನು ಹಿಡಿದು ತಂತಿಯ ಮೇಲೆ ಜಾರಿಸಿ ಸ್ವರಗಳನ್ನು ತೆಗೆಯುವುದು; ಮೆಟ್ಟಿಲುಗಳಿಲ್ಲ. ಇನ್ನು ಆಲಾಪಿನಿಯೆಂಬ ಸಣ್ಣ ವೀಣೆಯಲ್ಲಿ ಸೋರೆಯ ಬಾಯನ್ನು ಎದೆಯ ಮೇಲಿಟ್ಟು ಎಡಗೈಯಿಂದ ಒತ್ತಿ ಹಿಡಿಯಬೇಕೆಂದು ಗ್ರಂಥದಲ್ಲಿದೆ. ಬಾಯನ್ನು ಎದೆಗೆ ಒತ್ತಿದಾಗ ನಾದ ಮುಚ್ಚಿಕೊಳ್ಳುತ್ತದೆ, ಸಡಿಲಿಸಿದಾಗ ಅರಳುತ್ತದೆ. ವಾದಕನ ಎದೆಯೇ ವಾದ್ಯದ ಒಂದು ಗೋಡೆಯಾಗುತ್ತದೆ. ವಚನದ ಕೊನೆಯ ಪ್ರಾರ್ಥನೆಯನ್ನು ನಾವು ಭಕ್ತಿಯ ಆಲಿಂಗನವೆಂದು ಮಾತ್ರ ಅರ್ಥಮಾಡುತ್ತ ಬಂದಿದ್ದೇವೆ. ಅದು ಆಲಿಂಗನವೂ ಹೌದು. ಆದರೆ ಮೊದಲು ಅದು ವೈಣಿಕರ ಪರಿಭಾಷೆ. ದೇವರ ಎದೆಗೆ ಒತ್ತದಿದ್ದರೆ ಈ ವಾದ್ಯಕ್ಕೆ ಪೂರ್ಣವಾದ ನಾದವೇ ಇಲ್ಲ. ಪಾರಿಭಾಷಿಕ ಅರ್ಥ ತಿಳಿದ ಮೇಲೆ ಭಕ್ತಿಯ ಅರ್ಥ ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಕಡ್ಡಿಯೆಂಬ ಮಾತಿನಲ್ಲಿ ಮಾತ್ರ ಸ್ವಲ್ಪ ತೊಡಕಿದೆ. ಅದನ್ನು ಮೀಟುವ ಕಡ್ಡಿಯೆಂದು ತಿಳಿಯಬಹುದು, ತಂತಿಯ ಮೇಲೆ ಜಾರುವ ಕಮ್ರಿಕೆಯೆಂದೂ ತಿಳಿಯಬಹುದು. ಬೆರಳುಗಳು ಹಲವಾದುದರಿಂದ, ಸಾಲಾಗಿ ಕೂರಿಸಿದ ಮೆಟ್ಟಿಲುಗಳೆಂದು ಹೇಳುವವರೂ ಉಂಟಾಗಬಹುದು. ಹಾಗೆ ಹೇಳಿದರೆ ವಾದ್ಯವು ಕಿನ್ನರಿಯಾಗುತ್ತದೆ. ಶರಣರಲ್ಲಿ ಕಿನ್ನರಿ ಬೊಮ್ಮಯ್ಯನು ಆ ವಾದ್ಯದಿಂದಲೇ ಹೆಸರು ಪಡೆದವನಾದುದರಿಂದ ಈ ಊಹೆಯನ್ನು ಸುಲಭವಾಗಿ ತಳ್ಳಿಬಿಡುವಂತಿಲ್ಲ. ಶಾರ್ಙ್ಗದೇವನ ಕಿನ್ನರಿಗೆ ೧೪ ಸಾರಿಕೆಗಳು. ಹದ್ದಿನ ಎಲುಬಿನವು ಅಥವಾ ಲೋಹದವು. ಮೇಣದಿಂದ ದಂಡದ ಮೇಲೆ ಕೂರಿಸತಕ್ಕವು. ಮೇಣದ ಗುಣವೇನೆಂದರೆ, ಸ್ವರ ತಪ್ಪಿದರೆ ಬಿಸಿಮಾಡಿ ಸಾರಿಕೆಯನ್ನು ಕೂದಲೆಳೆಯಷ್ಟು ಸರಿಸಬಹುದು. ನಮ್ಮ ವೀಣೆಗಳಲ್ಲಿ ಮೇಣ ಮತ್ತು ಕಾಡಿಗೆಯ ಮೇಲೆ ಮೆಟ್ಟಿಲು ಕೂರಿಸುವ ಪದ್ಧತಿ ಈ ಹಳೆಯ ಕಿನ್ನರಿಯ ಆಸ್ತಿ. ಅರ್ಜುನ ಜೋಗಿಯ ಕಥೆಯನ್ನು ಹಾಡುವ ಕಿನ್ನರಿ ಜೋಗಿಗಳು ಬಿದಿರ ದಂಡಿಗೆಯ ಕೆಳಗೆ ಸೋರೆಬುರುಡೆಗಳನ್ನು ಕಟ್ಟಿದ ವಾದ್ಯವನ್ನೇ ನುಡಿಸುತ್ತ ಬಂದವರು. ಹಾಡಿನ ಕೊನೆಯಲ್ಲಿ ದೇಹವನ್ನೂ ವಾದ್ಯವನ್ನೂ ಹೋಲಿಸುವ ಪಾಠವನ್ನು ಹೇಳಬಯಸುವ ಉಪಾಧ್ಯಾಯನು ಸರಸ್ವತಿಯ ಪಟಕ್ಕೆ ಬದಲು ಜೋಗಿಯ ಕಿನ್ನರಿಯನ್ನು ತೋರಿಸುವುದು ಎಷ್ಟೋ ಮೇಲು.

ಕಟ್ಟುವ ಕಾಲ ಮುಗಿದು ಬೆಸೆಯುವ ಕಾಲ ಬಂದುದು ಯಾವಾಗ? ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ೧೫೫೦ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದ ರಾಮಾಮಾತ್ಯನು ವೀಣೆಯ ಮೆಟ್ಟಿಲುಗಳ ಸ್ಥಾನವನ್ನು ಬಹು ವಿಸ್ತಾರವಾಗಿ ವಿವರಿಸುತ್ತಾನೆ. ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ೨೪ ಮೆಟ್ಟಿಲುಗಳ ವೀಣೆ ನೆಲೆಗೊಂಡಿತೆಂದು ಸಂಪ್ರದಾಯ ಹೇಳುತ್ತದೆ. ಈ ನಡುವೆ ಸೋರೆಯ ಕೆಲಸವನ್ನು ಮರವನ್ನು ತೋಡಿ ಮಾಡಿದ ಕೊಡವು ವಹಿಸಿಕೊಂಡು, ದಂಡಿಯ ಕೆಳಗಿನ ತುದಿಗೆ ಬಂದು ಸೇರಿತು. ತಲೆಯ ಬಳಿಯಿದ್ದ ಪೊಟರೆ ಹೀಗೆ ಮತ್ತೆ ಹೊಟ್ಟೆಯ ಬಳಿಗೆ ಇಳಿಯಿತು. ಆರಣ್ಯಕದ ಋಷಿ ಇದನ್ನು ಕಂಡಿದ್ದರೆ ಸಮ್ಮತಿಸುತ್ತಿದ್ದನೇನೋ! ಆದರೆ ಹಳೆಯ ಸೋರೆ ಪೂರ್ತಿ ಹೋಗಲಿಲ್ಲ. ಇಂದಿನ ವೀಣೆಯಲ್ಲಿ ಯಾಳಿಯ ಮುಖಕ್ಕೆ ಸ್ವಲ್ಪ ಈಚೆಗೆ, ದಂಡಿಯ ಅಡಿಯಲ್ಲಿ, ತಿರುಪಿನಿಂದ ಸೇರಿಸುವ ಒಂದು ಬುರುಡೆ ಇರುತ್ತದೆ. ಅದು ನಾದಕ್ಕೆ ಹೆಚ್ಚಾಗಿ ಸಹಾಯಮಾಡದೆ, ವಾದಕನ ಎಡತೊಡೆಯ ಮೇಲೆ ಆನಿಕೆಯಾಗಿ ನಿಲ್ಲುತ್ತದೆ. ಈಚೆಗೆ ಕಾಗದದ ಅರೆಯಿಂದಲೂ ನಾರುಗಾಜಿನಿಂದಲೂ ಮಾಡುವುದುಂಟು. ವಚನದ ಶಿರಸ್ಸು ಇದೇ. ಅಧಿಕಾರ ಕಳೆದುಕೊಂಡು ಪೀಠವನ್ನು ಮಾತ್ರ ಉಳಿಸಿಕೊಂಡಿದೆ.

ಕೊಡವನ್ನೂ ದಂಡಿಯನ್ನೂ ಕೂಡಿಸುವುದರಲ್ಲಿ ಎರಡು ಮಾರ್ಗಗಳುಂಟು. ಬೇರೆ ಬೇರೆಯಾಗಿ ಕೆತ್ತಿ ಅಂಟಿನಿಂದ ಬೆಸೆಯುವುದು ಒಂದು. ಒಂದೇ ದಿಮ್ಮಿಯಿಂದ ಎಲ್ಲವನ್ನೂ ತೆಗೆಯುವ ಏಕಾಂಡ ಮತ್ತೊಂದು. ತಂಜಾವೂರಿನವರಿಗೆ ಹಲಸು ಪ್ರಿಯ, ಮೈಸೂರಿನವರಿಗೆ ಬೀಟೆ. ವೀಣೆ ಶೇಷಣ್ಣನವರಿಂದ (೧೮೫೨–೧೯೨೬) ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ (೧೯೨೦–೧೯೯೭) ಮೈಸೂರಿನ ಬಾನಿಯನ್ನು ಕಟ್ಟಿದವರ ಕೈಯಲ್ಲಿ ಈ ಮರಗೆಲಸವೂ ಕೀರ್ತಿ ಪಡೆಯಿತು. ಗುತ್ತಲದ ಸೀಮೆಯಲ್ಲಿಯಾದರೋ ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಹಿಂದೂಸ್ತಾನಿ ಪದ್ಧತಿಯೇ ಬಲಿಯಿತು. ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಕಾಡಶೆಟ್ಟಿಹಳ್ಳಿಯಲ್ಲಿ ಪಂಚಾಕ್ಷರ ಗವಾಯಿಗಳೂ (೧೮೯೨–೧೯೪೪), ದೇವಗಿರಿ ಗ್ರಾಮದಲ್ಲಿ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಹುಟ್ಟಿದರು. ಈ ಗಾಯಕರ ಹಿಂದೆ ಮಿಡಿಯುತ್ತಿದ್ದ ತಂಬೂರಿಗಳ ತವರು ಮಿರಜ. ಅಲ್ಲಿಯ ಸಿತಾರು ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಮಿರಜದ ಕುಶಲಿಗಳು ಪಂಢರಪುರದ ಕಡೆಯಲ್ಲಿ ಬೆಳೆದ ಸೋರೆಯನ್ನು ತಂದು ಒಣಗಿಸಿ ಕೊರೆದು, ಅದಕ್ಕೂ ಟೊಳ್ಳು ದಂಡಿಗೂ ನಡುವೆ ಗುಲು ಎಂಬ ಮರದ ಕೊರಳನ್ನು ಕೂರಿಸುತ್ತಾರೆ. ಸೋರೆ ಮನುಷ್ಯನು ಮಾಡಿದ ವಸ್ತುವಲ್ಲ. ಬಳ್ಳಿ ಕೊಟ್ಟ ಗಾತ್ರವನ್ನು ಒಪ್ಪಿಕೊಳ್ಳಲೇಬೇಕು. ಆದುದರಿಂದ ಇಲ್ಲಿ ಪೊಟರೆ ಮೊದಲು, ಕೊರಳು ಆಮೇಲೆ. ಸೋರೆಗೆ ತಕ್ಕಂತೆ ಗುಲು, ಗುಲುವಿಗೆ ತಕ್ಕಂತೆ ದಂಡಿ.

ಈ ಕ್ರಮ ತಲೆಕೆಳಗಾದುದು ಅಮೆರಿಕದ ವಿದ್ಯುತ್ ಗಿಟಾರಿನಲ್ಲಿ. ವೀಣೆಯ ಲೇಖನದಲ್ಲಿ ಇದೇಕೆ ಎಂದು ಕೇಳುವ ವಾಚಕಮಹಾಶಯರು ಸ್ವಲ್ಪ ತಾಳ್ಮೆಯಿಂದಿರಬೇಕು. ೧೯೩೨ರ ಸುಮಾರಿಗೆ ಮಾರಾಟಕ್ಕೆ ಬಂದ ಮೊದಲ ವಿದ್ಯುತ್ ಗಿಟಾರು ರಿಕನ್‌ಬ್ಯಾಕರ್ ಸಂಸ್ಥೆಯದು. ಅಲ್ಯೂಮಿನಿಯಮ್ಮನ್ನು ಎರಕ ಹೊಯ್ದು ಕತ್ತನ್ನೂ ಒಡಲನ್ನೂ ಒಂದೇ ತುಂಡಾಗಿ ಮಾಡಿದ್ದರು. ನೋಡಿದವರು ಬಾಣಲೆಯೆಂದು ಹೆಸರಿಟ್ಟರು. ಅದು ಏಕಾಂಡ. ಅದನ್ನು ತೊಡೆಯ ಮೇಲಿಟ್ಟುಕೊಂಡು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದರು, ಕಮ್ರಿಕೆಯ ಕೆಲಸವೇ. ೧೯೫೦ರಲ್ಲಿ ಲಿಯೋ ಫೆಂಡರ್ ಗಟ್ಟಿ ಮರದ ಒಡಲಿಗೆ ಕತ್ತನ್ನು ನಾಲ್ಕು ತಿರುಪುಮೊಳೆಗಳಿಂದ, ಹಿಂದೆ ಒಂದು ಲೋಹದ ತಗಡನ್ನಿಟ್ಟು ಬಿಗಿದನು. ೧೯೫೨ರಲ್ಲಿ ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್ ಗಿಟಾರಿನಲ್ಲಿ ಕತ್ತನ್ನು ಅಂಟಿನಿಂದ ಬೆಸೆದರು. ೧೯೫೭ರಲ್ಲಿ ರಿಕನ್‌ಬ್ಯಾಕರ್‌ನವರು ಒಡಲಿನ ಉದ್ದಕ್ಕೂ ಹಾದುಹೋಗುವ ಕತ್ತನ್ನು ತಮ್ಮ ಮಂದ್ರ ಗಿಟಾರಿನಲ್ಲಿ ತಂದರು. ಬಿಗಿಯುವುದು, ಬೆಸೆಯುವುದು, ಒಂದೇ ಮರವಾಗಿಸುವುದು ಎಂಬ ಮೂರೇ ದಾರಿಗಳನ್ನು ಅವರೂ ಕಂಡರು. ಇವುಗಳಲ್ಲಿ ಯಾವುದೂ ನಮ್ಮವರಿಗೆ ಹೊಸದಲ್ಲ.

ವ್ಯತ್ಯಾಸವಿರುವುದು ಪೊಟರೆಯಲ್ಲಿ. ಗಟ್ಟಿ ಒಡಲಿನ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವುದು ಅಯಸ್ಕಾಂತ ಮತ್ತು ತಂತಿಸುರುಳಿ. ಗಾಳಿ ತುಂಬಿದ ಹೊಟ್ಟೆ ಬೇಕಿಲ್ಲ. ಆದರೂ ಮರವನ್ನು ತೋಡುವುದು ತಪ್ಪುವುದಿಲ್ಲ: ಸುರುಳಿಗಳಿಗೊಂದು ಗುಳಿ, ವಿದ್ಯುತ್ತಿನ ತಂತಿಗಳಿಗೊಂದು ಗುಳಿ, ಕತ್ತಿನ ಹಿಮ್ಮಡಿಗೊಂದು ಗುಳಿ. ಕಡೆಯದೇ ಬಹಳ ಕಷ್ಟವಾದುದು. ಫೆಂಡರನ ಮಾದರಿಯಲ್ಲಿ ಅದು ಸುಮಾರು ಎರಡೂಕಾಲು ಇಂಚಿಗೆ ಸ್ವಲ್ಪ ಕಡಮೆ ಅಗಲ, ಇಂಚಿನ ಎಂಟರಲ್ಲಿ ಐದು ಪಾಲು ಆಳ. ಗುಳಿ ಸಡಿಲವಾದರೆ ಕತ್ತು ಪಕ್ಕಕ್ಕೆ ಜರುಗಿ ತಂತಿಗಳು ಅಂಚಿಗೆ ಸರಿಯುತ್ತವೆ. ಆಳ ತಪ್ಪಿದರೆ ತಂತಿಯ ಎತ್ತರ ತಪ್ಪಿ, ಕುದುರೆಯನ್ನು ಎಷ್ಟು ಏರಿಸಿ ಇಳಿಸಿದರೂ ಸರಿಹೋಗುವುದಿಲ್ಲ. ಆದಕಾರಣ ಅಲ್ಲಿಯ ಕುಶಲಿಗಳು ಕತ್ತು, ಕುದುರೆ, ಸುರುಳಿ, ತಗಡು ಎಲ್ಲವನ್ನೂ ಮುಂದಿಟ್ಟುಕೊಂಡು ಅಳೆದು, ಆ ಮೇಲೆ ಮರಕ್ಕೆ ಉಳಿ ಹಚ್ಚುತ್ತಾರೆ. ಕೊರಳು ಮೊದಲು, ಪೊಟರೆ ಆಮೇಲೆ. ಆರು ಉಕ್ಕಿನ ತಂತಿಗಳ ಸೆಳೆತ ಒಟ್ಟು ನೂರು ಪೌಂಡಿನ ಆಸುಪಾಸಿನದು. ತೆಳುವಾದ ಕತ್ತು ಅದಕ್ಕೆ ಬಾಗದಿರಲೆಂದು ಒಳಗೆ ಉಕ್ಕಿನ ಸರಳನ್ನು ಹುದುಗಿಸುತ್ತಾರೆ. ಗಿಬ್ಸನ್ ಸಂಸ್ಥೆಗೆ ಈ ಸರಳಿನ ಹಕ್ಕುಪತ್ರ ದೊರೆತದ್ದು ೧೯೨೩ರಲ್ಲಿ. ಶಾರ್ಙ್ಗದೇವನು ಕಗ್ಗಲಿಯ ಮರವನ್ನೂ ಒಂದು ಅಂಗುಲದ ದಪ್ಪವನ್ನೂ ಹೇಳಿ ಪಡೆದ ಬಲವನ್ನು ಇವರು ತೆಳುವಾದ ಮರದೊಳಗೆ ಲೋಹವನ್ನಿಟ್ಟು ಪಡೆದರು. ಅವನು ದಂಡವನ್ನು ಟೊಳ್ಳುಮಾಡಿದ್ದು ಹಗುರವಾಗಲೆಂದು. ಇವರು ಕತ್ತಿನಲ್ಲಿ ಕಾಲುವೆ ತೋಡಿದ್ದು ಬಲವನ್ನು ತುಂಬಲೆಂದು.

ಈ ಹೋಲಿಕೆಯಿಂದ ನಮಗಾಗುವ ಪ್ರಯೋಜನವಿಷ್ಟು. ಒಂದು ವಾದ್ಯದಲ್ಲಿ ಕೊರಳೂ ಪೊಟರೆಯೂ ಎಲ್ಲಿ ಹೇಗೆ ಕೂಡುತ್ತವೆಂಬುದೇ ಅದನ್ನು ಹಿಡಿಯುವ ರೀತಿಯನ್ನೂ, ಅದನ್ನು ಕುರಿತು ಹುಟ್ಟುವ ಮಾತನ್ನೂ ನಿರ್ಣಯಿಸುತ್ತದೆ. ವಚನಗಳ ಅರ್ಥಕೋಶಗಳಲ್ಲಿ ದಂಡಿಗೆಗೆ ವೀಣೆಯ ಕೋಲೆಂದೂ ಸೋರೆಗೆ ವೀಣೆಯ ಬುರುಡೆಯೆಂದೂ ಬರೆದು ಬಿಟ್ಟರೆ ಸಾಲದು. ಸೋರೆಯೆಂಬಲ್ಲಿ, ದಂಡದ ಮೇಲ್ಭಾಗದಲ್ಲಿ ಹುರಿಯಿಂದ ಕಟ್ಟಿದ, ಬಾಯಿ ತೆರೆದ, ಹೆಗಲಿಗೆ ಅಥವಾ ಎದೆಗೆ ತಾಗುವ ಬುರುಡೆಯೆಂದು ವಿವರಿಸಬೇಕು. ಕಡ್ಡಿಯೆಂಬಲ್ಲಿ ಮೂರು ಅರ್ಥಗಳನ್ನೂ ಕೊಟ್ಟು ಕಮ್ರಿಕೆಯನ್ನು ಮೊದಲಿಗಿಡಬೇಕೆಂಬುದು ನಮ್ಮ ಅಭಿಪ್ರಾಯ. ಬೇಲೂರು ಹಳೇಬೀಡುಗಳ ವಾದ್ಯಧಾರಿ ಶಿಲ್ಪಗಳನ್ನು ನೃತ್ಯದ ಭಂಗಿಗಾಗಿ ಬಹುಮಂದಿ ಅಳೆದಿದ್ದಾರೆ. ಚೌಡದಾನಪುರ, ಹರಳಹಳ್ಳಿ, ಗಳಗನಾಥ, ಹಾವೇರಿಗಳ ಗುಡಿಗಳನ್ನೂ ಸೇರಿಸಿಕೊಂಡು, ದಂಡ ಎಷ್ಟು, ಬುರುಡೆ ಎಷ್ಟು, ತುದಿಯಿಂದ ಗಂಟಿಗೆ ಎಷ್ಟು ಎಂದು ನೂಲುಹಿಡಿದು ಅಳೆಯುವವರು ಬೇಕಾಗಿದ್ದಾರೆ. ೧೭ಕ್ಕೆ ೭೨ರ ಪ್ರಮಾಣವನ್ನು ಕಲ್ಲುಕುಟಿಗನೂ ಪಾಲಿಸಿದ್ದರೆ ಅದು ಆ ಅಳತೆಯಲ್ಲಿ ಗೊತ್ತಾಗುತ್ತದೆ.